ಭೀಮೆಗೆ ತನ್ನದೇ ಕೀಟಪಟ್ಟಿ ಬೇಕು

ನೀರಿನ ಪರೀಕ್ಷೆ ಎಂದರೆ ಒಂದು ಬಾಟಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಎಂದೇ ನಾವು ತಿಳಿದಿದ್ದೇವೆ. ಆದರೆ ಬಾಟಲಿ ಹೇಳುವುದು ಅದನ್ನು ತುಂಬಿದ ಗಳಿಗೆಯ ಸುದ್ದಿಯನ್ನು ಮಾತ್ರ. ನಿನ್ನೆ ರಾತ್ರಿ ಹರಿದುಹೋದ ಕೊಳೆ ಇಂದಿನ ಬಾಟಲಿಯಲ್ಲಿ ಸಿಗದೆ ಹೋಗಬಹುದು. ಅದೇ ನೀರಿನ ತಳದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳೆಯುವ ಕೀಟದ ಮರಿಗೆ ಆ ರಾತ್ರಿಯಿಂದ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅದು ಉಳಿದಿದೆಯೇ ಇಲ್ಲವೇ ಎಂದು ನೋಡಿದರೆ ನೀರಿನಲ್ಲಿ ನಡೆದ ಕಥೆ ತಿಳಿಯುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಕಲಿಸುವವರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಕೀಟಗಳು ನೀರಿನಲ್ಲಿ ಉಸಿರಾಡುವ ಬಗೆಯಲ್ಲೇ ಈ ಪಾಠದ ಬೇರು ಇದೆ. ಮೇಫ್ಲೈ ಮರಿಯ ಹೊಟ್ಟೆಯ ಇಕ್ಕೆಲಗಳಲ್ಲಿ ತೆಳುವಾದ ಕಿವಿರುಗಳಿವೆ; ನೀರಿನಲ್ಲಿ ಕರಗಿದ ಆಮ್ಲಜನಕ ಇಳಿದರೆ, ಹೂಳು ಕವಿದರೆ ಅದರ ಬಹಳಷ್ಟು ಜಾತಿಗಳು ಮೊದಲು ಕಾಣೆಯಾಗುತ್ತವೆ. ಕೈರೊನೊಮಿಡ್ ನೊಣದ ಕೆಲವು ಜಾತಿಗಳ ಮರಿಹುಳುಗಳು ಕೆಂಪಗಿರುತ್ತವೆ, ಏಕೆಂದರೆ ಅವುಗಳ ಒಡಲಲ್ಲಿ ಹಿಮೊಗ್ಲೋಬಿನ್ ಇದೆ; ಉಸಿರು ಕಟ್ಟುವ ಕೆಸರಿನಲ್ಲೂ ಅವು ಬದುಕಬಲ್ಲವು. ನೀರುಜೀರುಂಡೆ ಮೇಲೆ ಬಂದು ರೆಕ್ಕೆಯ ಕೆಳಗೆ ಗಾಳಿ ತುಂಬಿಕೊಂಡು ಮತ್ತೆ ಮುಳುಗುತ್ತದೆ. ಆದ್ದರಿಂದ ಬಲೆಯಲ್ಲಿ ಕೆಂಪು ಹುಳುಗಳೇ ತುಂಬಿ, ಕಿವಿರಿನ ಮರಿಗಳು ಒಂದೂ ಇಲ್ಲದಿದ್ದರೆ ಆ ನೀರಿನ ಬಗ್ಗೆ ಸಂಶಯಪಡಲೇಬೇಕು.

ಈ ತಿಳಿವು ಹೊಸದಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು 1909ರಲ್ಲೇ ಕೊಳೆನೀರಿನ ಪ್ರಾಣಿಗಳನ್ನು ಮಾಲಿನ್ಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದರು. ಮುಂದೆ ಬ್ರಿಟನ್ನಿನಲ್ಲಿ ಒಂದೊಂದು ಕೀಟಕುಟುಂಬಕ್ಕೂ ಅಂಕ ಕೊಡುವ ಪದ್ಧತಿ ಬಂತು: ಸ್ಟೋನ್‌ಫ್ಲೈಗಳಲ್ಲಿ ಹೆಚ್ಚಿನವಕ್ಕೆ 10, ಕೈರೊನೊಮಿಡ್‌ಗೆ 2. ನಮ್ಮ ದೇಶದ ಎಷ್ಟೋ ಅಧ್ಯಯನಗಳು ಇದೇ ಅಳತೆಯನ್ನು ಬಳಸುತ್ತವೆ. ಆದರೆ ಸ್ಟೋನ್‌ಫ್ಲೈ ತಣ್ಣನೆಯ, ರಭಸದಿಂದ ಹರಿಯುವ ಕಲ್ಲುತೊರೆಗಳ ಕೀಟ. ಎರೆಭೂಮಿಯ ಬಯಲಿನಲ್ಲಿ ನಿಧಾನಕ್ಕೆ ಹರಿಯುವ ಭೀಮೆಯಲ್ಲಿ ಅದು ಸಿಗಲಿಲ್ಲವೆಂದು ಅಂಕ ಕಡಿತಗೊಳಿಸುವುದು ನದಿಗೆ ಮಾಡುವ ಅನ್ಯಾಯ.

ಭೀಮೆಯ ಸ್ವಭಾವವೇ ಬೇರೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ದಡ ಮೀರುತ್ತದೆ. 2020ರ ಅಕ್ಟೋಬರಿನ ಪ್ರವಾಹವನ್ನು ಅಫಜಲಪುರ, ಜೇವರ್ಗಿಯ ಹಳ್ಳಿಗಳು ಮರೆತಿಲ್ಲ. ಬೇಸಿಗೆಯಲ್ಲಿ ಅದೇ ನದಿ ಅಲ್ಲಲ್ಲಿ ಮಡುಗಳಾಗಿ ಒಡೆದು ನಿಲ್ಲುತ್ತದೆ. ಹರಿವಿನ ಕೀಟಗಳು ಹಿಂದೆ ಸರಿದು, ನಿಂತ ನೀರಿನ ತಿಗಣೆ, ಜೀರುಂಡೆಗಳು ಹೆಚ್ಚುವುದು ಆಗ ಸಹಜ. ಇದರಲ್ಲಿ ಋತುವಿನ ಪಾಲೆಷ್ಟು, ಕೊಳೆಯ ಪಾಲೆಷ್ಟು ಎಂದು ಬೇರ್ಪಡಿಸಬೇಕಾದರೆ ಒಂದೇ ಜಾಗವನ್ನು ಹಲವು ವರ್ಷ, ತಿಂಗಳಿಗೊಮ್ಮೆ ನೋಡಬೇಕು. ದೂರದ ಸಂಸ್ಥೆಯ ತಜ್ಞರು ಎರಡು ದಿನ ಬಂದು ಹೋದರೆ ಇದು ಆಗುವುದಿಲ್ಲ. ಇಲ್ಲೇ ಇರುವ ಅಧ್ಯಾಪಕರಿಂದ, ಇದೇ ನೀರು ಕುಡಿದು ಬೆಳೆದ ವಿದ್ಯಾರ್ಥಿಗಳಿಂದ ಆಗಬೇಕು.

ಕೆಲಸ ಶೂನ್ಯದಿಂದ ಶುರುವಾಗಬೇಕಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಕೆ. ವಿಜಯಕುಮಾರ್ ಮತ್ತು ಸಂಗಡಿಗರು ಜಿಲ್ಲೆಯ ಮೂರು ಕೆರೆಗಳ ಪ್ರಾಣಿಪ್ಲವಕಗಳ ಬಗ್ಗೆ 2009ರಲ್ಲೇ ಅಧ್ಯಯನ ಪ್ರಕಟಿಸಿದ್ದಾರೆ. ಕೀಟ ಗುರುತಿಸಲು ಕೆ. ಎ. ಸುಬ್ರಮಣಿಯನ್ ಅವರು ಪರ್ಯಾಯದ್ವೀಪ ಭಾರತದ ಏರೋಪ್ಲೇನ್ ಚಿಟ್ಟೆಗಳ ಕುರಿತು ಬರೆದ ಕೈಪಿಡಿ ಇದೆ. ಬೇಕಾದ ಸಲಕರಣೆಯೂ ದುಬಾರಿಯಲ್ಲ: ಒಂದು ಕೈಬಲೆ, ಬಿಳಿ ತಟ್ಟೆ, ಚಿಮಟ, ಭೂತಗನ್ನಡಿ, ನೋಟುಬುಕ್ಕು. ಹಿಡಿದು, ಎಣಿಸಿ, ಬರೆದು, ಮತ್ತೆ ನೀರಿಗೇ ಬಿಡಬೇಕು. ಪ್ರಾಣಿಛೇದನ ನಿಲ್ಲಿಸಿದ ಮೇಲೆ ಪ್ರಾಯೋಗಿಕ ತರಗತಿಯಲ್ಲಿ ಏನು ಮಾಡಿಸುವುದು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಏರೋಪ್ಲೇನ್ ಚಿಟ್ಟೆಯ ಮರಿ ಮಡಚಿಟ್ಟ ಕೆಳತುಟಿಯನ್ನು ಥಟ್ಟನೆ ಚಾಚಿ ಸೊಳ್ಳೆಯ ಮರಿಯನ್ನು ಹಿಡಿಯುವುದನ್ನು ಒಮ್ಮೆ ನೋಡಿದ ಹುಡುಗಿಗೆ ಆಹಾರ ಸರಪಳಿಯ ಚಿತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಂದು ಅಳಿವಿನ ದಾರಿಗಳು ಹಲವು. ಉಸುಕು ತೆಗೆದಾಗ ತಳದಲ್ಲಿ ಅಡಗುವ ಮರಿಗಳ ಮನೆಯೇ ಹೋಗುತ್ತದೆ. ತೊಗರಿ, ಹತ್ತಿಗೆ ಹೊಡೆದ ಔಷಧಿ ಮೊದಲ ಮಳೆಗೇ ಹಳ್ಳಕ್ಕೆ ಇಳಿದರೆ ಹೊಲದ ಹುಳು ಕೊಂದ ವಿಷ ನೀರಿನ ಹುಳುವನ್ನೂ ಬಿಡದು. ಇನ್ನೊಂದೆಡೆ, ಮಳೆನೀರು ನಿಂತ ಗುಂಡಿಗಳನ್ನು ನಾವು ಕೆಲಸಕ್ಕೆ ಬಾರದವು ಎಂದುಕೊಂಡಿದ್ದೇವೆ. ಪ್ಯಾಂಟಾಲ ಫ್ಲಾವೆಸೆನ್ಸ್ ಎಂಬ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆ ಬೆಳೆಯುವುದು ಅಂಥ ತಾತ್ಕಾಲಿಕ ನೀರಿನಲ್ಲೇ. ಅದು ಭಾರತದಿಂದ ಮಾಲ್ಡೀವ್ಸ್ ಮೂಲಕ ಹಿಂದೂ ಮಹಾಸಾಗರ ದಾಟಿ ಆಫ್ರಿಕಕ್ಕೆ ಹೋಗುತ್ತದೆ ಎಂದು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಹೊಲದ ಬದುವಿನ ಗುಂಡಿಗೂ ಮಹಾಸಾಗರಕ್ಕೂ ಇರುವ ನಂಟನ್ನು ನಮ್ಮ ಮಕ್ಕಳು ಊರಲ್ಲೇ ಕಲಿಯಬಹುದು.

ಮೂರೂ ತಾಲ್ಲೂಕಿನ ಕಾಲೇಜುಗಳು ಜಾಗ ಹಂಚಿಕೊಳ್ಳಲಿ. ಆಳಂದದವರು ಅಮರ್ಜಾ ಜಲಾಶಯದ ಕೆಳಗಿನ ಹರಿವನ್ನು, ಅಫಜಲಪುರದವರು ಸೊನ್ನ ಬ್ಯಾರೇಜಿನ ಮೇಲು-ಕೆಳಗನ್ನು ಮತ್ತು ಅಮರ್ಜಾ ಭೀಮೆಯನ್ನು ಸೇರುವ ಗಾಣಗಾಪುರದ ಸಂಗಮವನ್ನು, ಜೇವರ್ಗಿಯವರು ಕಟ್ಟಿಸಂಗಾವಿಯ ನೀರನ್ನು ನೋಡಿಕೊಳ್ಳಲಿ. ಪ್ರತಿ ತಿಂಗಳ ಎಣಿಕೆಯನ್ನು ಒಂದೇ ನಮೂನೆಯಲ್ಲಿ ಬರೆದಿಡಲಿ, ಒಂದು ತಂಡ ಪದವಿ ಮುಗಿಸಿ ಹೋಗುವಾಗ ಮುಂದಿನ ತಂಡಕ್ಕೆ ಒಪ್ಪಿಸಲಿ. ಹತ್ತು ವರ್ಷದಲ್ಲಿ ಭೀಮೆಯ ಅಳತೆಗೋಲು ಭೀಮೆಯ ದಂಡೆಯಲ್ಲೇ ಸಿದ್ಧವಾಗುತ್ತದೆ. ನದಿ ಕೆಟ್ಟಿದೆ ಎಂದು ಹಳ್ಳಿಯ ಜನ ದೂರು ಕೊಟ್ಟಾಗ ಅವರ ಕೈಯಲ್ಲಿ ಆ ದಾಖಲೆ ಇರಬೇಕು.