ಹುಟ್ಟಿಲ್ಲದ ದೋಣಿ

ಮರಕ್ಕೆ ಮುಖವಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಆರ್ಥರ್ ರ‍್ಯಾಕಮ್ ಬರೆದ ಮರವೊಂದನ್ನು ಕಂಡವನು ಆ ಮಾತನ್ನು ಅಷ್ಟು ಧೈರ್ಯದಿಂದ ಆಡಲಾರ. ಗಂಟುಗಂಟಾದ ಬುಡ, ಬೆರಳಿನಂತೆ ಚಾಚಿದ ಬೇರು, ತೊಗಟೆಯ ಸುಕ್ಕುಗಳ ನಡುವಿನಿಂದ ಇಣುಕುವ ಮುದಿಗಣ್ಣು - ಇವು ಈ ಆಂಗ್ಲ ಚಿತ್ರಕಾರನ ಗುರುತುಗಳು. ಮುಸ್ಸಂಜೆಯಲ್ಲಿ ಹುಣಸೆಮರದ ಕೆಳಗೆ ಒಬ್ಬಂಟಿಯಾಗಿ ನಡೆದವರಿಗೆ ಈ ಅನುಭವ ಹೊಸದೇನೂ ಅಲ್ಲ.

ಇಂಥ ಅದ್ಭುತಲೋಕವನ್ನು ಕಲ್ಪಿಸಿದವನು ಅಂಜಿಕೆಯನ್ನೇ ಅರಿಯದವನಾಗಿದ್ದಿರಬೇಕೆಂದು ನಾವು ಭಾವಿಸುತ್ತೇವೆ. ಪ್ರತಿಭೆಯೆಂದರೆ ನಿರ್ಭಯತೆ ಎಂಬ ನಂಬಿಕೆ ಅಷ್ಟು ಬಲವಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ.

1867ರಲ್ಲಿ ಲಂಡನ್ನಿನಲ್ಲಿ ಜನಿಸಿದ ರ‍್ಯಾಕಮ್ ಹದಿನೆಂಟನೆಯ ವಯಸ್ಸಿನಲ್ಲಿ ಬೆಂಕಿವಿಮೆಯ ಕಚೇರಿಯೊಂದರಲ್ಲಿ ಗುಮಾಸ್ತನಾದನು. ಕಚೇರಿಯ ಕೆಲಸದ ಜೊತೆಯಲ್ಲೇ ಲ್ಯಾಂಬೆತ್ ಕಲಾಶಾಲೆಯಲ್ಲಿ ಅಭ್ಯಾಸ ನಡೆಸಿ, 1892ರಲ್ಲಿ ಆ ನೌಕರಿಯನ್ನು ತೊರೆದನು. ಕೀರ್ತಿ ಕೈಹಿಡಿದದ್ದು 1905ರಲ್ಲಿ, ‘ರಿಪ್ ವ್ಯಾನ್ ವಿಂಕಲ್’ ಕಥೆಗೆ ಅವನು ಬರೆದ 51 ವರ್ಣಚಿತ್ರಗಳು ಪ್ರಕಟವಾದಾಗ. ಮೂರು ಬಣ್ಣಗಳ ಮುದ್ರಣ ಆಗಿನ್ನೂ ಹೊಸದು; ಅಚ್ಚಿನಲ್ಲಿ ಬಣ್ಣಗಳು ಕಲಕಿಹೋಗುವ ಅಪಾಯವಿತ್ತು. ಆದುದರಿಂದ ಅವನು ಶಾಯಿಯ ಗೆರೆಯಿಂದ ಆಕಾರವನ್ನು ಬಿಗಿಗೊಳಿಸಿ, ಮಾಸಲು ಬಣ್ಣಗಳನ್ನು ತೆಳುವಾಗಿ, ಪದರಪದರವಾಗಿ ಹಚ್ಚುತ್ತಿದ್ದನು. ಅವನ ಚಿತ್ರಗಳನ್ನು ಕವಿದಿರುವ ಆ ಮಂಜಿನ ಸೊಬಗಿನಲ್ಲಿ, ಕೆಲಸ ಕೆಟ್ಟೀತೆಂಬ ಎಚ್ಚರಕ್ಕೂ ಪಾಲುಂಟು. ಗೆರೆಯೆಳೆಯುತ್ತಿರುವಂತೆಯೇ ಬೇರು ಬೆರಳಾಗಿಬಿಡುವ ಗಳಿಗೆಯ ಹಿಗ್ಗು ದೊಡ್ಡದು. ಆದರೆ ಆ ಹಿಗ್ಗನ್ನು ಕಾಗದದ ಮೇಲೆ ಉಳಿಸುವುದು ಈ ಅಳುಕೇ.

ಅಳುಕಿನಲ್ಲಿ ಇನ್ನೊಂದು ಬಗೆಯಿದೆ: ಜನ ಏನೆಂದಾರು ಎಂಬುದು. 1907ರಲ್ಲಿ ರ‍್ಯಾಕಮ್ ‘ಆಲಿಸ್’ಳ ಅದ್ಭುತಲೋಕದ ಕಥೆಗೆ ಚಿತ್ರ ಬರೆದನು. ನಲವತ್ತು ವರ್ಷಗಳಿಂದ ಜಾನ್ ಟೆನಿಯಲ್‌ನ ಚಿತ್ರಗಳಲ್ಲೇ ಆ ಹುಡುಗಿಯನ್ನು ಕಂಡು ಒಗ್ಗಿದ್ದ ವಿಮರ್ಶಕರಲ್ಲಿ ಹಲವರು ಮುನಿದರು. ಹಿರಿಯನೊಬ್ಬ ನಡೆದ ದಾರಿಯಲ್ಲಿ ಕಾಲಿಟ್ಟವನಿಗೆ ಈ ಹೋಲಿಕೆ ತಪ್ಪಿದ್ದಲ್ಲ. ಅದಕ್ಕೆ ಅಂಜಿ ಟೆನಿಯಲ್‌ನನ್ನೇ ಅನುಕರಿಸಿದ್ದರೆ ಇಂದು ಆ ಪುಸ್ತಕವನ್ನು ಯಾರೂ ತೆರೆಯುತ್ತಿರಲಿಲ್ಲ.

ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ‘ದಿ ವಿಂಡ್ ಇನ್ ದಿ ವಿಲೋಸ್’ ನದೀತೀರದ ಪ್ರಾಣಿಗಳ ಕಥೆ. ಅದಕ್ಕೆ ಚಿತ್ರ ಬರೆಯುವ ಅವಕಾಶ ಮೊದಲೊಮ್ಮೆ ಬಂದಾಗ ರ‍್ಯಾಕಮ್ ಕೆಲಸದ ಒತ್ತಡದಿಂದ ನಿರಾಕರಿಸಿ, ಬಹುಕಾಲ ಪಶ್ಚಾತ್ತಾಪಪಟ್ಟಿದ್ದನು. 1936ರಲ್ಲಿ ಅಮೆರಿಕದ ಪ್ರಕಾಶಕ ಜಾರ್ಜ್ ಮೇಸಿ ಅದೇ ಪುಸ್ತಕವನ್ನು ಅವನ ಮುಂದಿಟ್ಟಾಗ ಅವನ ಸಂತೋಷಕ್ಕೆ ಪಾರವಿರಲಿಲ್ಲ. ಆದರೆ ಅಷ್ಟರಲ್ಲೇ ಅರ್ಬುದರೋಗವು ಅವನನ್ನು ಹಾಸಿಗೆಗೆ ಕೆಡವಿತು. ಮಲಗಿದಲ್ಲಿಯೇ ಅವನು ಚಿತ್ರಗಳನ್ನು ಬರೆದನು. ಕೊನೆಯ ಚಿತ್ರದಲ್ಲಿ ನೀರಿಲಿಯೂ ಅದರ ಗೆಳೆಯನಾದ ಮೋಲ್ ಎಂಬ ಬಿಲವಾಸಿಯೂ ವನಭೋಜನಕ್ಕೆಂದು ದೋಣಿಗೆ ಬುಟ್ಟಿಯನ್ನು ಏರಿಸುತ್ತಿವೆ. ಚಿತ್ರ ಮುಗಿಯಿತೆನ್ನುವಾಗ ರ‍್ಯಾಕಮ್‌ನಿಗೆ ತಟ್ಟನೆ ಹೊಳೆಯಿತು: ದೋಣಿಯಲ್ಲಿ ಹುಟ್ಟುಗಳೇ ಇಲ್ಲ! ಅದೇನೂ ದೊಡ್ಡದಲ್ಲವೆಂದು ಮಗಳು ಸಮಾಧಾನ ಹೇಳಿದಳು. ಅವನು ಕೇಳಲಿಲ್ಲ. ಸೋತ ಕೈಯಿಂದಲೇ ಬಲು ಪ್ರಯಾಸಪಟ್ಟು ಹುಟ್ಟುಗಳನ್ನು ಬರೆದು, ತಲೆದಿಂಬಿಗೆ ಒರಗಿದನು. 1939ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡನು. ಪುಸ್ತಕ ಮರುವರ್ಷ ಹೊರಬಂದಿತು. ದೋಣಿಯಲ್ಲಿ ಹುಟ್ಟುಗಳಿವೆ.