ಕಾರವಾರದ ಬಂಗಲೆಯ ಸುತ್ತಮುತ್ತ

ಯಲ್ದೂರಿನ ಕಡೆಯವರಿಗೆ ನೀರೆಂದರೆ ಕೆರೆ. ದಿನಕ್ಕೆರಡು ಬಾರಿ ತಾನಾಗಿಯೇ ಏರಿ ಇಳಿಯುವ ನೀರನ್ನು ಅವರು ನಂಬುವುದು ಕಣ್ಣಾರೆ ಕಂಡ ಮೇಲೆಯೇ. ಅಂಥವರು ರಜೆಗೆ ಕಡಲ ಕಡೆ ಹೊರಟರೆ ಕಾರವಾರಕ್ಕೆ ಹೋಗಲಿ; ಆದರೆ ಬಂಗಲೆಯ ಜಗಲಿಯಲ್ಲೇ ಕುಳಿತು ಕಾಲ ಕಳೆಯದಿರಲಿ.

ಇದಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟವರು ರವೀಂದ್ರನಾಥ ಠಾಕೂರರು. ಐ.ಸಿ.ಎಸ್. ಪದವಿ ಪಡೆದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. (ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಮುಂಬಯಿಯ ಅಧಿಕಾರಿ ಇಲ್ಲಿಗೆ ಬರುವಂತಾಯಿತು.) 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ರವೀಂದ್ರರು ಅಣ್ಣನ ಮನೆಗೆ ಬಂದರು. ಅರ್ಧಚಂದ್ರಾಕಾರದ ಮರಳದಂಡೆ, ಅದರ ಅಂಚಿಗೆ ಗಾಳಿಮರಗಳ ತೋಪು, ತೋಪಿನ ಕೊನೆಗೆ ಕಾಳೀನದಿ.

ಒಂದು ಬೆಳದಿಂಗಳ ರಾತ್ರಿ ಮನೆಮಂದಿಯೆಲ್ಲ ಚಿಕ್ಕ ದೋಣಿಯೊಂದರಲ್ಲಿ ನದಿಯ ಮೇಲ್ಗಡೆಗೆ ಹೊರಟರು. ಶಿವಾಜಿಯದೆಂದು ಹೇಳುವ ಹಳೆಯ ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು, ತಂದಿದ್ದ ಬುತ್ತಿಯನ್ನು ಬಿಚ್ಚಿದರು. ಹಿಂದಿರುಗುವಾಗ ದೋಣಿಯನ್ನು ಇಳಿತದ ನೀರಿಗೇ ಬಿಟ್ಟರು. ಅಳಿವೆ ತಲುಪುವಷ್ಟರಲ್ಲಿ ಬಹಳ ಹೊತ್ತಾದುದರಿಂದ ದೋಣಿಯಿಂದಿಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಆ ರಾತ್ರಿ ನಿದ್ರೆ ಬಾರದೆ ಕವಿ ಕವಿತೆಯೊಂದನ್ನು ಬರೆದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದೂ ಕಾರವಾರದಲ್ಲಿಯೇ, ಅಚ್ಚಾದದ್ದು 1884ರಲ್ಲಿ. ರಜೆಯ ತಿರುಗಾಟಕ್ಕೆ ಇದಕ್ಕಿಂತ ದೊಡ್ಡ ಲಾಭ ಯಾರಿಗೆ ದೊರೆತೀತು!

ಇಂದು ಆ ದಾರಿಯಲ್ಲಿ ಹೊರಟವರು ಏನನ್ನು ಕಾಣುತ್ತಾರೆ? ನದಿಯಾಚೆ ಸದಾಶಿವಗಡದ ಗುಡ್ಡವಿದೆ. ಹೆದ್ದಾರಿ ಅದನ್ನು ಸೀಳಿಕೊಂಡು ಹೋಗಿದೆ. ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕುಸಿದುಬಿದ್ದಿತು. ದಕ್ಷಿಣದಲ್ಲಿ ಅರ್ಗಾದ ಕಡಲಂಚು ನೌಕಾನೆಲೆಗೆ ಸಂದಿದೆ. 2005ರಲ್ಲಿ ‘ಕದಂಬ’ ನೆಲೆ ಅಲ್ಲಿ ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಕೆಲಸ, ಆಕ್ಷೇಪಿಸುವಂತಿಲ್ಲ. ಆದರೆ ವಿಹಾರಕ್ಕೆ ಬಂದವನಿಗೆ ತಪ್ಪಿದ್ದು ಒಂದು ಸಂಜೆಯ ನಡಿಗೆ, ಅಲ್ಲಿಂದ ಎದ್ದುಹೋದವರಿಗೆ ತಪ್ಪಿದ್ದು ಮನೆ, ಗದ್ದೆ, ದೋಣಿ ಕಟ್ಟುವ ಜಾಗ.

ಉಳಿದಿರುವುದು ಊರ ಮುಂದಿನ ದಂಡೆ, ಈಗ ಅದಕ್ಕೆ ಠಾಕೂರರ ಹೆಸರು. ಅದರ ತುದಿಯ ಬಂದರನ್ನು ವಿಸ್ತರಿಸಬಾರದೆಂದು 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ರಂಪಣಿ ಬಲೆಗೆ ಉದ್ದನೆಯ ಮರಳದಂಡೆಯೇ ಬೇಕು: ದೋಣಿಯಲ್ಲಿ ಬಲೆಯನ್ನು ಕಡಲಿನಲ್ಲಿ ಬಳಸಿ ಬಿಟ್ಟು, ಅದರ ಎರಡು ತುದಿಗಳನ್ನು ಎರಡು ಗುಂಪಿನ ಜನ ದಡದ ಮೇಲೆ ನಿಂತು ಎಳೆಯುತ್ತಾರೆ. ದಂಡೆಯಿಲ್ಲದಿದ್ದರೆ ಹಗ್ಗ ಹಿಡಿದು ನಿಲ್ಲುವುದೆಲ್ಲಿ?

ನೋಡಬೇಕಾದವರು ನಸುಕಿನಲ್ಲೇ ಏಳಬೇಕು. ಅಳಿವೆಯವರೆಗೆ ನಡೆಯುವ ಮನಸ್ಸಿದ್ದರೆ ಇಳಿತದ ವೇಳೆಯನ್ನು ಬಲೆ ಎಳೆಯುವವರನ್ನೇ ಕೇಳಿ ತಿಳಿಯುವುದು ಲೇಸು. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತದೆ.