ಬಾಸ್ ಇಲ್ಲಂತ ಹೊಸ ವೂಫರ್ ತರಬ್ಯಾಡ್ರಿ

ಬಸವಕಲ್ಯಾಣ ಇರ್ಲಿ, ಹುಮನಾಬಾದ್ ಇರ್ಲಿ, ಹೋಂ ಥಿಯೇಟರ್ ಇದ್ದ ಮನ್ಯಾಗ ಒಂದೇ ತಕರಾರು: "ಬಾಸ್ ಬರವಲ್ದು." ಮರುಕ್ಷಣವೇ ದೊಡ್ಡ ಸಬ್‌ವೂಫರ್ ತರೋ ಮಾತು. ನನ್ನ ಪ್ರಕಾರ ಅದು ದಂಡದ ಖರ್ಚು. ಇಂಜಿನಿಯರಿಂಗ್ ಓದೋ ನಾವು ಮೊದಲು ಟೇಪು ಹಿಡಿದು ಖೋಲಿ ಅಳೀಬೇಕು.

40 ಹರ್ಟ್ಜ್ ಸದ್ದಿನ ಅಲೆ ಸುಮಾರು 8.6 ಮೀಟರ್ ಉದ್ದ. ಖೋಲಿ 4.3 ಮೀಟರ್ ಇದ್ದರೆ ಅದರಲ್ಲಿ ಸರಿಯಾಗಿ ಅರ್ಧ ಅಲೆ ನಿಲ್ಲುತ್ತದೆ: ಗೋಡೆ ಹತ್ತಿರ ಗುಡುಗು, ನಟ್ಟನಡುವೆ ಸಪ್ಪೆ. ನಾವು ಸೋಫಾ ಹಾಕೋದು ಅಲ್ಲೇ! ನಮ್ಮ ಕಡೆಯ ಗಟ್ಟಿ ಗೋಡೆ, ಶಹಾಬಾದ್ ಕಲ್ಲಿನ ನೆಲ ಬಾಸ್ ಹೀರೋದಿಲ್ಲ, ಬಂದಷ್ಟೂ ವಾಪಸ್ ಕಳಿಸ್ತಾವ. ವಾಲ್ಯೂಮ್ ಏರಿಸಿದರೆ ಪಕ್ಕದ ಮನೆ ಕಾಕಾ ಬರ್ತಾರ, ಬಾಸ್ ಬರೋದಿಲ್ಲ.

ಸೋಫಾ ಎರಡು ಫೂಟ್ ಹಿಂದಕ್ಕೆ ಸರಿಸ್ರಿ. ಆಮೇಲೆ ವೂಫರ್‌ನ್ನ ಸೋಫಾದ ಮೇಲೆ ಇಟ್ಟು, ಹಾಡು ಹಚ್ಚಿ, ಗೋಡೆಗುಂಟ ಅಂಬೆಗಾಲಿಡ್ರಿ. ನಗೋರು ನಗಲಿ. ಬಾಸ್ ತುಂಬಿ ಕೇಳಿದ ಜಾಗದಾಗ ವೂಫರ್ ಇಡ್ರಿ. ಕ್ರಾಸ್‌ಓವರ್ 80 ಹರ್ಟ್ಜ್‌ಗೆ. ಫೇಸ್ ಸ್ವಿಚ್ 0, 180 ಎರಡೂ ಹಾಕಿ, ತುಂಬಿ ಕೇಳಿಸಿದ್ದು ಇಟ್ಕೊಳ್ರಿ. ತಂತೀನೂ ನೋಡ್ರಿ: ಒಂದೇ ಸ್ಪೀಕರಿಗೆ ಕೆಂಪು-ಕಪ್ಪು ಅದಲುಬದಲಾಗಿದ್ರೆ, ಒಂದರ ಬಾಸ್ ಇನ್ನೊಂದು ತಿಂದುಬಿಡ್ತದ.